ವಾಲ್ಮೀರ್ ಭಾರ ಅಳೆದದ್ದು

ನಾಲ್ಕು ವರ್ಷದಿಂದ ವಾಲ್ಮೀರನ ಬಿಳಿ ಬೆಲ್ಟು ಬದಲಾಗಿರಲಿಲ್ಲ. ಬದಲಾಗಿದ್ದು ಅದನ್ನು ಕಟ್ಟುವ ಸೊಂಟದ ಸುತ್ತಳತೆ ಮಾತ್ರ. ಮದುರೇರಾ ಬಡಾವಣೆಯ ಆ ಜಿಯು-ಜಿತ್ಸು ಕುಸ್ತಿಯ ಗರಡಿಗೆ ಅವನಾದ ಮೇಲೆ ಸೇರಿದವರೆಲ್ಲ ಮೇಲಿನ ದರ್ಜೆಯ ನೀಲಿ ಬೆಲ್ಟಿಗೇರಿದ್ದರು. ಏರಿದವನು ಎರಡು ಸಾಲಿನ ನಡುವೆ ಓಡಬೇಕು, ಉಳಿದವರು ತಮ್ಮ ಬೆಲ್ಟು ಬಿಚ್ಚಿ ಅವನ ಬೆನ್ನಿಗೆ ಬಾರಿಸಬೇಕು. ಅದು ಅಲ್ಲಿನ ಮರ್ಯಾದೆ. ಅವರ ಬೆನ್ನಿನ ಬಾಸುಂಡೆ ಕಂಡರೆ ವಾಲ್ಮೀರನಿಗೆ ಹೊಟ್ಟೆ ಉರಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಉಸ್ತಾದ್ ಡೊರಿವಾಲ್ ಪಾಠ ಹೇಳಿದರು: "ಕಣ್ಣನ್ನ ನಂಬಬೇಡ್ರೋ. ಮೇಲೆ ಬಿದ್ದೋನ ಭಾರ ಎತ್ತ ವಾಲುತ್ತೆ ಅಂತ ಮೈಗೆ ಗೊತ್ತಾಗ್ಬೇಕು. ಅತ್ತಲೇ ಉರುಳಿಸಿ."

ದಢೂತಿ ಹುಡುಗ ಜುರಾಂದಿರ್ ಸೇರಿದಂತೆ ಉಳಿದವರು ಅಭ್ಯಾಸಕ್ಕೆ ಇಳಿದರು. ವಾಲ್ಮೀರ್ ಬಾಯಿಬಡಾಯಿಗೆ ಇಳಿದ.

"ಉಸ್ತಾದ್, ನಂಗಿದು ಹುಟ್ಟುಗುಣ. ಕಣ್ಣು ಕಟ್ಟಿ ಯಾರನ್ನಾದ್ರೂ ಮೇಲೆ ಹಾಕಿ. ಆಸಾಮಿ ಯಾರು, ಮನಸ್ಸಲ್ಲೇನಿದೆ, ಎಲ್ಲಾ ಹೇಳ್ತೀನಿ!"

"ಸಂಜೆ ಐದಕ್ಕೆ ಬಾ ಮಗನೆ. ಗೆದ್ದೋರಿಗೆ ನೀಲಿ ಬೆಲ್ಟು. ನನ್ ಮಾತಂದ್ರೆ ಮಾತು."

ಹೊರಡುವಾಗ ವಾಲ್ಮೀರ್ ಮೂಲೆಯಲ್ಲಿ ಬಿದ್ದಿದ್ದ ಮರಳು ತುಂಬಿದ, ಆಳೆತ್ತರದ ಅಭ್ಯಾಸದ ಬೊಂಬೆಗೊಂದು ಒದೆ ಕೊಟ್ಟು, "ಏಳೋ ಸೋಮಾರಿ" ಎಂದ. ಅಧಿಕಾರ ಬರುವ ಮೊದಲೇ ದರ್ಪ ಬಂದಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಹಿಡಿದ ಕಂಬಿ ಬಿಟ್ಟು, ಕಣ್ಣು ಮುಚ್ಚಿ, ಪಕ್ಕದವರ ಭಾರ ಅಳೆಯುತ್ತ ನಿಂತ. ಬಸ್ಸು ತಿರುಗಿತು. ಪಕ್ಕದ ಮನೆಯ ದೋನಾ ಜಿಲ್ದಾಳ ಮಡಿಲಲ್ಲಿದ್ದ ಮರಗೆಣಸಿನ ಕೇಕಿನ ಮೇಲೆ ಕುಕ್ಕರಿಸಿದ.

"ಥೂ, ನಿನ್ನ! ಏನೋ ಇದು?"

"ಭಾರ ಅಳೀತಿದ್ದೆ, ದೋನಾ ಜಿಲ್ದಾ. ಸಂಜೆ ನೀಲಿ ಬೆಲ್ಟು ಬರುತ್ತೆ."

"ನಿನ್ ಭಾರ ನಂಗೆ ಗೊತ್ತಾಯ್ತು. ಸಂಜೆ ಬಂದು ಮಾನಾನೂ ನೋಡ್ತೀನಿ!"

ಬಂದಳು, ಇಡೀ ಬೀದಿಯನ್ನೇ ಕರೆದುಕೊಂಡು.

ಚಾಪೆಯ ಮೇಲೆ ಅಂಗಾತ ಮಲಗಿದ ವಾಲ್ಮೀರನ ಕಣ್ಣಿಗೆ ಬಟ್ಟೆ ಕಟ್ಟಿದರು. ಧೊಪ್ಪನೆ ಭಾರ ಬಿತ್ತು.

"ಆಹಾ, ಜುರಾಂದಿರ್! ಕದಲ್ತಿಲ್ಲ ನೋಡಿ, ಹೆದರಿದ್ದಾನೆ. ಎದೆ ಢವಢವ ಅಂತಿರೋದು ನಂಗೆ ಕೇಳ್ತಿದೆ!"

ಯಾರೋ ಕಿಸಕ್ಕೆಂದರು. ಭಾರ ವಾಲಲಿ ಎಂದು ವಾಲ್ಮೀರ್ ಕಾದ. ಅದು ಎತ್ತಲೂ ವಾಲಲಿಲ್ಲ.

"ಎಡಕ್ಕೆ ತಳ್ಳೋ!" ದೋನಾ ಜಿಲ್ದಾ ಕೂಗಿದಳು.

"ಸುಮ್ನಿರಿ, ಈಗ ಬಲಕ್ಕೆ ಬರ್ತಾನೆ... ಈಗ... ಇಗೋ ಈಗ..."

ಕಾಲು ಗಂಟೆ ಕಳೆಯಿತು. ಬೆವರಿ, ಏದುಸಿರು ಬಿಟ್ಟು, ಕೊನೆಗೆ ತಾಳ್ಮೆಗೆಟ್ಟು ಒಮ್ಮೆ ಮೈ ಕೊಡವಿದ. ದಪ್ಪನೆಯ ತೋಳೊಂದು ಜಾರಿ ಕುತ್ತಿಗೆಯ ಮೇಲೆ ಕೂತಿತು. ಉಸಿರು ಕಟ್ಟಿದ ವಾಲ್ಮೀರ್ ಚಾಪೆಯನ್ನು ಪಟಪಟನೆ ಬಡಿದ. ಗರಡಿಯಲ್ಲಿ ಹಾಗೆ ಬಡಿದರೆ ಸೋತೆನೆಂದು ಒಪ್ಪಿದ ಹಾಗೆ.

ಬಟ್ಟೆ ಬಿಚ್ಚಿದರು. ಎದೆಯ ಮೇಲೆ ಮಲಗಿದ್ದದ್ದು ಬೆಳಿಗ್ಗೆ ಒದೆ ತಿಂದ ಬೊಂಬೆ. ಜುರಾಂದಿರ್ ಬಾಗಿಲಲ್ಲಿ ನಿಂತು ಕಬ್ಬಿನ ಹಾಲು ಹೀರುತ್ತಿದ್ದ. ಢವಗುಟ್ಟಿದ್ದು ವಾಲ್ಮೀರನದೇ ಎದೆ.

ಉಸ್ತಾದ್ ನಗಲಿಲ್ಲ. "ಗೆದ್ದೋರಿಗೆ ಬೆಲ್ಟು ಅಂದಿದ್ದೆ" ಎಂದು ನೀಲಿ ಬೆಲ್ಟನ್ನು ಬೊಂಬೆಯ ಸೊಂಟಕ್ಕೆ ಬಿಗಿದರು. ಕೂಡಲೇ ಹುಡುಗರು ಬೆಲ್ಟು ಬಿಚ್ಚಿ ಎರಡು ಸಾಲಾಗಿ ನಿಂತರು.

"ಇದು ಓಡೋದು ಹೇಗೆ, ಉಸ್ತಾದ್?" ಜುರಾಂದಿರ್ ಕೇಳಿದ.

"ಸೋತೋನು ಎದೆಗಪ್ಕೊಂಡು ಓಡ್ಲಿ," ದೋನಾ ಜಿಲ್ದಾ ಚೀಲದ ಪಟ್ಟಿ ಬಿಚ್ಚುತ್ತ ಸಾಲಿನ ಕೊನೆಗೆ ಬಂದು ನಿಂತಳು. "ಅದರ ಭಾರ ಅವನಿಗೆ ಚೆನ್ನಾಗಿ ಗೊತ್ತಲ್ಲ."

ವಾಲ್ಮೀರ್ ಓಡಿದ. ನಾಲ್ಕು ವರ್ಷ ಕನವರಿಸಿದ ಬಾಸುಂಡೆಗಳು ಒಂದೂ ತಪ್ಪದೆ ಅವನ ಬೆನ್ನಿಗೆ ಬಂದವು. ನೀಲಿ ಬೆಲ್ಟು ಮಾತ್ರ ಬೊಂಬೆಯ ಸೊಂಟದಲ್ಲೇ ಉಳಿಯಿತು.