ಅಕ್ಕನ ಏಳು ಗಡಿಗೆ

ನನ್ನ ನಾದಿನಿ ಮೂರು ಸರ್ಕಾರಗಳಿಗೆ ನೀರು ಕುಡಿಸಿದವಳು. ನಗಬೇಡಿ, ಖರೆ ಹೇಳುತ್ತಿದ್ದೇನೆ! ಬಂದೂಕು ಹಿಡಿದಲ್ಲ, ಬಾವುಟ ಹಿಡಿದೂ ಅಲ್ಲ. ಒಂದು ಕುಡುಗೋಲು ಮತ್ತು ಏಳು ಗಡಿಗೆ ಗಾಂಜಾ ಗಿಡ, ಇಷ್ಟೇ ಆಕೆಯ ಬಂಡವಾಳ. ಹಾಗಂತ ಆಕೆ ಜನ್ಮದಲ್ಲಿ ಒಂದು ದಮ್ಮು ಎಳೆದವಳಲ್ಲ. ಪಕ್ಕದ ಮನೆಯವರು ನಶ್ಯ ಏರಿಸಿದರೆ ಇವಳಿಗೆ ಇಲ್ಲಿ ಸೀನು ಬರುತ್ತಿತ್ತು.

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮೊದಲು ನಾನು ಬೆಟಗೇರಿಯ ಈ ಮನೆಗೆ ಸೊಸೆಯಾಗಿ ಬಂದೆ. ನನ್ನ ಗಂಡನ ಅಕ್ಕ ಆಗಲೇ ತವರಿಗೆ ಬಂದು ಇಲ್ಲೇ ಇದ್ದಳು. ಮನೆಯವರಂತೆ ನಾನೂ ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಮೊದಲ ದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಏನು ನೋಡಲಿ! ಅಕ್ಕ ಒಂದು ಗಿಡವನ್ನು ಗಡಿಗೆ ಸಮೇತ ತಲೆಕೆಳಗು ಹಿಡಿದು, ಗಡಿಗೆಯ ಅಂಡಿಗೆ ಫಟಾಫಟ್ ಬಡಿಯುತ್ತಿದ್ದಾಳೆ. ಗಿಡ ಮಣ್ಣಿನ ಮುದ್ದೆಯೊಂದಿಗೆ ಜಾರಿ ಆಕೆಯ ಕೈಗೆ ಬಂತು. ಮಣ್ಣೆಲ್ಲಿ? ಎಲ್ಲಾ ಬೇರೇ ಬೇರು, ಸಿಂಬಿ ಸುತ್ತಿದ ಹಾಗೆ. ಅಕ್ಕ ಕುಡುಗೋಲು ತೆಗೆದುಕೊಂಡು ಕೆಳಗಿನದೊಂದು ಪಾಲು ಕರಕರನೆ ಕೊಯ್ದೇಬಿಟ್ಟಳು.

"ಅಯ್ಯ ಅಕ್ಕಾ, ಗಿಡ ಸಾಯ್ತೈತ್ರಿ!" ಅಂದೆ.

"ಸಾಯಾಂಗಿಲ್ಲ ತಗೋ. ಜಾಗಾ ಸಾಲದ ತನ್ನ ಕುತ್ತಿಗಿ ತಾನ ಬಿಗಕೊಂಡಿತ್ತು. ಈಗ ನೋಡ, ಹೆಂಗ ಉಸಿರಾಡ್ತೈತಿ!"

"ಇದು ಯಾವ ಗಿಡರಿ?"

"ಕೇಳಿದವರಿಗೆ ಪುಂಡಿ ಅನ್ನು."

ನನಗೆ ಪುಂಡಿ ಗೊತ್ತಿಲ್ಲವೇ? ನಮ್ಮ ಕಡೆ ಹುಟ್ಟಿದ ಕೂಸು ಹಾಲು ಬಿಟ್ಟ ಮೇಲೆ ತಿನ್ನುವುದೇ ಪುಂಡಿಪಲ್ಯ. ಆದರೂ ಎಲೆ ನೋಡಿದರೆ ಪುಂಡಿಯ ಅವಳಿ ತಂಗಿಯೇ ಸರಿ, ಅದೇ ಬೆರಳು ಬೆರಳಿನಂಥ ಎಲೆ. ಅಕ್ಕ ಅಷ್ಟೂ ಗಡಿಗೆಗಳ ಸುತ್ತ ನಿಜವಾದ ಪುಂಡಿಯನ್ನೂ ಬೇಲಿಯಂತೆ ಬೆಳೆಸಿದ್ದಳು.

ಬೇರು ಕತ್ತರಿಸಿದ ಗಿಡಕ್ಕೆ ನಡೆಯುವ ಉಪಚಾರ ಬಾಣಂತಿಗೂ ನಡೆಯುವುದಿಲ್ಲ. ಬಿಂಕದಕಟ್ಟಿ ಕಡೆಯ ಕೆಮ್ಮಣ್ಣು, ಅಸುಂಡಿಯ ಹಳೆಯ ತಿಪ್ಪೆಗೊಬ್ಬರ, ಒಲೆಯ ಬೂದಿ, ಹಳ್ಳದ ಉಸುಕು! ನಮ್ಮ ಎರೆಮಣ್ಣು ಆಕೆಗೆ ಆಗುತ್ತಿರಲಿಲ್ಲ. "ಒಣಗಿದ್ರ ಬಿರಿತೈತಿ, ತೊಯ್ದ್ರ ಬಿಗಿತೈತಿ, ನಿಮ್ಮ ಮಾವನವರ ಸ್ವಭಾವ" ಎಂದು ಮಾವನವರಿಗೆ ಕೇಳುವಂತೆಯೇ ಹೇಳುತ್ತಿದ್ದಳು. ಆಮೇಲೆ ನಾಲ್ಕು ದಿನ ಗಿಡ ನೆರಳಲ್ಲಿ. ಆ ನಾಲ್ಕು ದಿನ ಅಕ್ಕ ಕುಂತಲ್ಲಿ ಕೂಡುತ್ತಿರಲಿಲ್ಲ. ರೊಟ್ಟಿ ತಟ್ಟುವಾಗ ಎದ್ದು ಹೋಗಿ ನೋಡುವಳು, ಜಡೆ ಹಾಕಿಕೊಳ್ಳುವಾಗ ಅರ್ಧ ಜಡೆಯಲ್ಲಿ ಓಡುವಳು. ಈ ಗಿಡದ ಆಯುಷ್ಯ ಒಂದೇ ವರ್ಷ ಅಂತ ತಿಳಿದವರು ಹೇಳುತ್ತಾರೆ. ಅಕ್ಕ ಹೂವಿನ ಮೊಗ್ಗು ಕಂಡಲ್ಲಿ ಚಿವುಟಿ, ಬೇರು ಕತ್ತರಿಸಿ, ಹೆದರಿಸಿ, ಬೈದು ಒಂದು ಗಿಡವನ್ನು ಮೂರು ವರ್ಷ ಬಾಳಿಸಿದ್ದಳು. ಆಕೆಯ ಬಾಯಿಗೆ ಹೆದರಿಯೇ ಅದು ಬದುಕಿತ್ತು ಅಂತ ನನ್ನ ಅನುಮಾನ.

ಯಾಕೆ ಇಷ್ಟೆಲ್ಲ? ಅದನ್ನೂ ಹೇಳಿಬಿಡುತ್ತೇನೆ, ಮನೆಯಲ್ಲಿ ಅದೇನು ಗುಟ್ಟಾಗಿರಲಿಲ್ಲ. ಆಕೆಯ ಗಂಡ ಮುಂಡರಗಿಯವರು. ಒಂದು ದಿನ ಊರ ಹೊರಗೆ ಇಳಿದಿದ್ದ ಬೈರಾಗಿಗಳ ಜೊತೆ ಮಾತಾಡಿ ಬರುತ್ತೇನೆ ಎಂದು ಹೋದವರು ಇನ್ನೂ ಮಾತು ಮುಗಿಸಿರಲಿಲ್ಲ. ನಾನು ಮದುವೆಯಾಗಿ ಬಂದಾಗ ಹತ್ತು ವರ್ಷವಾಗಿತ್ತು. ಮನೆ ಬಿಟ್ಟವನು ಹನ್ನೆರಡು ವರ್ಷ ಬಾರದಿದ್ದರೆ ಸತ್ತನೆಂದೇ ಲೆಕ್ಕ. ದರ್ಭೆಯ ಗೊಂಬೆ ಮಾಡಿ ಸುಟ್ಟು, ಕ್ರಿಯೆ ಮುಗಿಸಿ, ಹೆಂಡತಿಯ ಬಳೆ ಒಡೆದು ಕುಂಕುಮ ಅಳಿಸುತ್ತಾರೆ. ಅಕ್ಕನ ಹಣೆಯ ಮೇಲಿನ ಕುಂಕುಮ ನಾಕಾಣೆ ನಾಣ್ಯದಷ್ಟು ದೊಡ್ಡದು. ಅದಕ್ಕೆ ಇನ್ನು ಎರಡೇ ವರ್ಷ ಉಳಿದಿತ್ತು.

ಬೈರಾಗಿಗಳಿಗೆ ಊಟ ಎಲ್ಲಿಯೂ ಸಿಗುತ್ತದೆ, ಈ ಸೊಪ್ಪು ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಅವರು ಬೆಟಗೇರಿಗೆ ಬರುತ್ತಿದ್ದರು. ಅಕ್ಕನದು ಒಂದೇ ಷರತ್ತು. ಹಿತ್ತಲ ಕಲ್ಲಿನ ಮೇಲೆ ನಿಂತು ಕಾಲು ತೊಳೆಯಬೇಕು, ನೀರು ಆಕೆಯೇ ಹಾಕುವಳು. ಆಕೆಯ ಗಂಡನ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಏರಿ ಕುಳಿತಿತ್ತಂತೆ.

"ಮಾರಿ ನೋಡಿದ್ರ ಗೊತ್ತಾಗಾಂಗಿಲ್ಲೇನ್ರಿ?" ಎಂದು ಕೇಳಿದ್ದೆ.

"ಗಡ್ಡ ಬಿಟ್ರ ಮಾರಿ ಹೋತು, ಬೂದಿ ಬಡಕೊಂಡ್ರ ಮೈ ಹೋತು. ಕಾಲ ಎಲ್ಲಿ ಹೋಗ್ತಾವ ತಂಗಿ? ಅವ ಅಲ್ಲೇನು ಅವರನ್ನ ಕರಕೊಂಡ ಹೋಗಿದ್ದು!"

ಆಕೆಯ ಕೀರ್ತಿ ಎಲ್ಲಿಯವರೆಗೆ ಹಬ್ಬಿತ್ತೆಂದರೆ, ಉತ್ತರದಿಂದ ಬಂದ ಬೈರಾಗಿಯೊಬ್ಬ ಗದಗ ಸ್ಟೇಷನ್ನಿನಲ್ಲಿ ಇಳಿದು "ಬೆಟಗೇರಿ ಮಾಯಿ ಕಾ ಘರ್ ಕಿಧರ್?" ಎಂದು ಕೇಳಿದನಂತೆ. ಕೇಳಿದ್ದು ಯಾರನ್ನು? ಪೊಲೀಸನನ್ನು! ಪಾಪ, ಆ ಪೊಲೀಸ ನಮ್ಮ ಮನೆಯವರೆಗೆ ಬಂದು ಬಿಟ್ಟುಹೋದ. ಬಂದವನು ಸುಮ್ಮನೆ ಹೋಗಬೇಕಲ್ಲ, ಹಿತ್ತಲಿಗೆ ಇಣುಕಿದ.

"ಏನ್ರೀ ಅಕ್ಕಾರ ಇದು?"

"ಪುಂಡಿರಿ."

"ಪುಂಡಿಗೆ ಇಂಥಾ ವಾಸನಿ?"

"ಗೊಬ್ಬರ ಛಲೋ ಐತ್ರಿ. ಒಯ್ರಿ ಒಂದ ಸಿವುಡ" ಎಂದು ಬೇಲಿಯಲ್ಲಿದ್ದ ನಿಜವಾದ ಪುಂಡಿಯನ್ನು ಕಿತ್ತು ಕೊಟ್ಟಳು. ಗಂಡಾಂತರ ಕಳೆಯಿತು ಎಂದುಕೊಂಡೆವು. ಎಲ್ಲಿ ಕಳೆಯುತ್ತದೆ? ಅವನ ಹೆಂಡತಿಗೆ ಪಲ್ಯ ಬಹಳ ಸೇರಿತಂತೆ! ಮರುವಾರ ಬಂದ, ಅದರ ಮರುವಾರ ತನ್ನ ಸಾಹೇಬನಿಗೂ ಬೇಕೆಂದು ಬಂದ. ನಾಲ್ಕನೆಯ ವಾರ ಅಕ್ಕ ಗಂಟುಮೂಟೆ ಕಟ್ಟಿದಳು.

ಆಗ ನಮ್ಮ ಸೀಮೆ ಹರಿದ ಸೀರೆಯಾಗಿತ್ತು. ಗದಗ ಮುಂಬೈ ಸರ್ಕಾರದ್ದು, ಶಿರಹಟ್ಟಿ ಒಂದು ಸಂಸ್ಥಾನದ್ದು, ಲಕ್ಷ್ಮೇಶ್ವರ ಇನ್ನೊಂದು ಸಂಸ್ಥಾನದ್ದು. ಇಲ್ಲಿಯ ಪೊಲೀಸ ಅಲ್ಲಿಗೆ ಹೋದರೆ ಬರೇ ನೆಂಟ. ಇಂಥ ಅನುಕೂಲ ಅಕ್ಕ ಬಿಟ್ಟಾಳೆಯೇ? ಶಿರಹಟ್ಟಿಯಲ್ಲಿ ಚಿಕ್ಕವ್ವನ ಮನೆ ಇತ್ತು. ಚಕ್ಕಡಿಯಲ್ಲಿ ಜೋಳದ ಕಣಿಕೆಯ ಕೆಳಗೆ ಏಳು ಗಡಿಗೆ ಅಡಗಿಸಬೇಕು, ದೊಡ್ಡವು ಹಿಡಿಸುವುದಿಲ್ಲ. ಸರಿ, ಮತ್ತೆ ಕುಡುಗೋಲು! ಮೇಲೆ ತಲೆ ಬೋಳಿಸಿ, ಕೆಳಗೆ ಬೇರು ಕತ್ತರಿಸಿ, ಸಣ್ಣ ಗಡಿಗೆಗಳಿಗೆ ಇಳಿಸಿದಳು. ಶಿರಹಟ್ಟಿಯಲ್ಲಿ ಸಂಸ್ಥಾನದ ಸಿಪಾಯಿ ಮೂಗು ಅರಳಿಸಿದ ದಿನ ಲಕ್ಷ್ಮೇಶ್ವರದ ನೆಂಟರ ಮನೆಗೆ, ಅಲ್ಲಿ ಅರಳಿಸಿದ ದಿನ ವಾಪಸು. ಪ್ರತಿ ಸಲವೂ ಬೇರು ಕತ್ತರಿಸುವುದು, ಹೊಸ ಮಣ್ಣು, ನಾಲ್ಕು ದಿನದ ಚಡಪಡಿಕೆ. ಬೈರಾಗಿ ಬಂದನೆಂದು ನಾನು ಹೇಳಿಕಳಿಸಿದರೆ ಆಕೆ ಅಲ್ಲಿಂದ ಸೊಪ್ಪಿನ ಚೀಲದೊಡನೆ ಹಾರಿಬರುವಳು. ಅಲ್ಲಿಯತನಕ ಆ ಬೈರಾಗಿಗೆ ಮೂರು ಹೊತ್ತು ರೊಟ್ಟಿ ತಟ್ಟುವವಳು ಯಾರು? ನಾನೇ!

ಚಕ್ಕಡಿ ಹೊಡೆಯುವ ಪಾಳಿ ನನ್ನ ಗಂಡನದು. "ದೇಶದ ಮಂದಿ ಸ್ವಾತಂತ್ರ್ಯಕ್ಕ ಜೇಲಿಗೆ ಹೋದ್ರು. ನಾ ಪುಂಡಿ ಸಲುವಾಗಿ ಹೋಗಬೇಕೇನವಾ?" ಎಂದು ಗೊಣಗುತ್ತಿದ್ದರು.

"ಜಲ್ದಿ ಹೊಡಿಯೋ, ಗಿಡಕ್ಕ ಬಿಸಲ ಹತ್ತಾಕತ್ತೈತಿ" ಎನ್ನುವುದು ಅಕ್ಕನ ಉತ್ತರ.

ಸ್ವಾತಂತ್ರ್ಯ ಬಂತು. ಅದರ ಬೆನ್ನಿಗೆ ಸಂಸ್ಥಾನಗಳೂ ಕರಗಿ ಹೋದವು. ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ ಎಲ್ಲ ಒಂದೇ ಸರ್ಕಾರದ ಕೆಳಗೆ ಬಂದವು. ಮಾವನವರು ಓಣಿಗೆಲ್ಲ ಪೇಡೆ ಹಂಚಿದರು. ಅಕ್ಕನೊಬ್ಬಳೇ ಪೇಡೆ ಕೈಯಲ್ಲಿ ಹಿಡಿದು ಮುಖ ಹುಳ್ಳಗೆ ಮಾಡಿ ನಿಂತಳು.

"ಎಲ್ಲಾ ಒಂದಾತು, ಒಂದಾತು ಅಂತ ಕುಣಿತೀರಿ. ನನ್ನ ಗಡಿಗಿ ಎಲ್ಲಿ ಇಡ್ಲಿ?"

ಆಕೆ ಹೆದರಿದ್ದೇ ಆಯಿತು. ಲಕ್ಷ್ಮೇಶ್ವರದಲ್ಲಿ ಅಬಕಾರಿಯವರು ಬಂದು ಆರು ಗಿಡ ಕಿತ್ತು ಹಾಕಿದರು. ಏಳನೆಯದನ್ನು ಅಕ್ಕ ಸಣ್ಣ ಬೋಗಾಣಿಗೆ ಇಳಿಸಿ, ಕೌದಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಮೋಟಾರಿನಲ್ಲಿ ಬಂದಳು. ಸುದ್ದಿ ಕೇಳಿ ಓಡಿಹೋಗಿದ್ದ ನಾನೂ ಪಕ್ಕದಲ್ಲಿದ್ದೆ, ಜೀವ ಕೈಯಲ್ಲಿತ್ತು. ಎದುರಿಗಿದ್ದ ಮುದುಕಿ ಬಿಡಬೇಕಲ್ಲ!

"ಹೆಣ್ಣೇನವಾ, ಗಂಡ?"

"ಹೆಣ್ಣ" ಅಂದಳು ಅಕ್ಕ. ಅದು ಖರೆಯೇ ಆಗಿತ್ತು, ಈ ಗಿಡದಲ್ಲಿ ಹೆಣ್ಣು ಬೇರೆ, ಗಂಡು ಬೇರೆ.

"ಮಾರಿ ತೋರಸ."

"ಮೈಲಿ ಬೇನಿ ಎದ್ದೈತ್ರಿ" ಅಂದಿದ್ದೇ ತಡ, ಇಡೀ ಮೋಟಾರು ಹಿಂದಕ್ಕೆ ಸರಿದು ನಮ್ಮಿಬ್ಬರಿಗೆ ಕಾಲು ಚಾಚುವಷ್ಟು ಜಾಗ ಬಿಟ್ಟಿತು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಖಬರು ಕಾದಿತ್ತು. ಹನ್ನೆರಡು ವರ್ಷ ತುಂಬಿತು, ಕ್ರಿಯೆ ಮಾಡುವ ದಿನ ಗೊತ್ತುಮಾಡಲು ಮುಂಡರಗಿಯಿಂದ ಆಕೆಯ ಗಂಡನ ಅಣ್ಣ, ನಾಲ್ಕು ಜನ ಹಿರಿಯರು, ಒಬ್ಬ ಭಟ್ಟರು ಬರುತ್ತಾರೆ ಎಂದು.

ಅವರು ಬಂದರು. ಗಂಡನ ಅಣ್ಣ ಕೆಟ್ಟವರೇನಲ್ಲ. "ನೋಡವಾ, ನನ್ನ ಮಗಳ ಲಗ್ನ ನಿಂತೈತಿ. ಸತ್ತಾನೋ ಇದ್ದಾನೋ ತಿಳೀದ ಮನ್ಯಾಗ ಹಂದರ ಹಾಕೂದು ಹೆಂಗ?" ಎಂದರು.

"ಭಾವಾರ, ಹನ್ನೆರಡು ವರ್ಷದಾಗ ಐದು ಅಧಿಕ ಮಾಸ ಬಂದಾವು. ಅಧಿಕ ಮಾಸದಾಗ ಯಾವ ಕಾರ್ಯನೂ ಲೆಕ್ಕಕ್ಕಿಲ್ಲ ಅಂತೀರಿ. ಹಂಗಾರ ಅವರು ಹೋಗಿದ್ದೂ ಆ ತಿಂಗಳ ಲೆಕ್ಕಕ್ಕಿಲ್ಲ. ಐದು ತಿಂಗಳ ನನಗ ಬರಬೇಕು!"

ಭಟ್ಟರು ಹುಬ್ಬು ಗಂಟಿಕ್ಕಿದರು. ಹಿರಿಯರು "ಊಟ ಆಗ್ಲಿ, ಆಮ್ಯಾಲೆ ನೋಡೂಣು" ಎಂದರು. ಅಡಿಗೆ ನನ್ನದು. ಎರಡು ಒಲೆ, ಆರು ಮಂದಿ ಬೀಗರು, ಬೆವರು ಕಣ್ಣಿಗೆ ಇಳಿಯುತ್ತಿದೆ. ಬುಟ್ಟಿಯಲ್ಲಿ ಬಿಡಿಸಿಟ್ಟ ಪುಂಡಿ ಇತ್ತು. ತೊಳೆದು, ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ರುಚಿ ನೋಡಿದರೆ ಹುಳಿಯೇ ಇಲ್ಲ! ಪುಂಡಿಗೆ ಹುಳಿ ಇಲ್ಲವೆಂದರೆ ಏನರ್ಥ? ಅರ್ಥ ಯೋಚಿಸಲು ಪುರುಸೊತ್ತೆಲ್ಲಿ, ಹುಣಸೆಹಣ್ಣು ಕಿವುಚಿ ಹಾಕಿದೆ. ಎಲ್ಲರೂ ಬೇಡಿ ಬೇಡಿ ಹಾಕಿಸಿಕೊಂಡರು.

ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತಾದ ಮೇಲೆ ಶುರುವಾಯಿತು ನೋಡಿ! ಭಟ್ಟರು ಪಂಚಾಂಗ ತೆರೆದು "ಅಧಿಕ" ಎಂದು ಓದಿ ನಕ್ಕರು. ಪುಟ ತಿರುವಿ ಮತ್ತೆ "ಅಧಿಕ" ಎಂದು ಬಿದ್ದು ಬಿದ್ದು ನಕ್ಕರು. ಹಿರಿಯರೊಬ್ಬರು ತಮ್ಮ ಪಟಗಾ ತಮ್ಮ ತಲೆಯ ಮೇಲಿಟ್ಟುಕೊಂಡೇ ಅದನ್ನು ಮನೆಯೆಲ್ಲ ಹುಡುಕಿದರು. "ಐದು ಯಾಕ, ಆರು ತಿಂಗಳ ಕೊಡ್ರಿ ಆಕಿಗೆ, ಪಾಪ!" ಎಂದು ಇನ್ನೊಬ್ಬರು ಕೂಗಿದರು. ಗಂಡನ ಅಣ್ಣ ಮಾತ್ರ ನಗಲಿಲ್ಲ. ಪಡಸಾಲೆಯ ಕಂಬವನ್ನು ತಬ್ಬಿಕೊಂಡು "ತಮ್ಮಾ, ಎಲ್ಲಿ ಹೋದ್ಯೋ, ಬಾರೋ" ಎಂದು ಅತ್ತರು. ನಗುತ್ತಿದ್ದ ನನಗೂ ಅವರನ್ನು ನೋಡಿ ಕಣ್ಣಲ್ಲಿ ನೀರು ಬಂತು. ಮರುದಿನ ಎಚ್ಚರಾದ ಮೇಲೆ, ಎಲ್ಲರ ಮುಂದೆ ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆ? ಆರು ತಿಂಗಳು ಆರು ತಿಂಗಳೇ ಆಯಿತು.

ಅವರು ಹೋದ ಮೇಲೆ ನಾನು ಸೀದಾ ಹಿತ್ತಲಿಗೆ ಹೋದೆ.

"ಅಕ್ಕಾ, ನಿಮ್ಮ ಗಿಡ ಯಾಕ ಬೋಳಾಗೇತಿ?"

"ಚಿಗರ್ತೈತಿ ಬಿಡ" ಎಂದಳು, ನನ್ನ ಮುಖ ನೋಡದೆ. ಆಮೇಲೆ ಮೆಲ್ಲಗೆ, "ಹುಣಸಿಹಣ್ಣ ಹಾಕಿದ್ದು ಛಲೋ ಆತು" ಎಂದಳು.

ಗಿಡವೇನೋ ಚಿಗುರಿತು. ಆದರೆ ಬೈರಾಗಿಗಳು ಕಡಿಮೆಯಾದರು, ತಿಂಗಳಿಗೊಬ್ಬ ಬಂದರೆ ಹೆಚ್ಚು. ಅಕ್ಕ ಬಾಗಿಲಿಗೂ ಹಿತ್ತಲಿಗೂ ಓಡಾಡಿ ನೆಲ ಸವೆಸಿದಳು. ಆರನೆಯ ತಿಂಗಳಲ್ಲಿ ಇನ್ನು ಒಂಬತ್ತು ದಿನ ಉಳಿದಿದ್ದಾಗ, ಮಟಮಟ ಮಧ್ಯಾಹ್ನ ಮೂವರು ಬಂದರು. ಅಕ್ಕ ಕೊಡ ಎತ್ತಿಕೊಂಡಳು. ಮೊದಲನೆಯವನ ಕಾಲು ತೊಳೆದದ್ದಾಯಿತು, ಎರಡನೆಯವನದೂ ಆಯಿತು. ಮೂರನೆಯವನು ತಲೆ ತಗ್ಗಿಸಿ ಕಲ್ಲಿನ ಮೇಲೆ ನಿಂತ. ಧೂಳು ಹೋಯಿತು, ಕೆಸರು ಹೋಯಿತು, ಕಾಲು ಫಳಫಳ ಎಂದಿತು. ಅಕ್ಕ ನೀರು ನಿಲ್ಲಿಸಲಿಲ್ಲ. ಕೊಡ ಬರಿದಾಗಿ ಹನಿ ತೊಟ್ಟಿಕ್ಕುವವರೆಗೂ ಸುರಿಯುತ್ತಲೇ ಇದ್ದಳು.

ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಕುಳಿತಿತ್ತು.

ನನ್ನ ಕೈಯಲ್ಲಿದ್ದ ಜೋಳ ಕೇರುವ ಮೊರ ಕೆಳಗೆ ಬಿತ್ತು. ಅಕ್ಕ ತಿರುಗಿ ನೋಡಲಿಲ್ಲ. "ಊಟ ಮಾಡ್ತೀರೇನ್ರಿ?" ಎಂದು ಕೇಳಿದಳು. ಆತ ತಲೆಯಾಡಿಸಿದ. ರೊಟ್ಟಿ, ನಿಜವಾದ ಪುಂಡಿಪಲ್ಯ, ಮೇಲೆ ಎಣ್ಣೆ ಬಡಿಸಿದಳು. ಎರಡನೆಯ ಸಲ ಕೇಳದೆಯೇ ಬಡಿಸಿದಳು, ಆತ ಬೇಡ ಎನ್ನಲಿಲ್ಲ. ತಟ್ಟೆ ಒರೆಸಿದಂತೆ ಉಂಡ, ತಲೆ ಮಾತ್ರ ಎತ್ತಲಿಲ್ಲ. ಮೂವರಿಗೂ ಒಂದೊಂದು ಹಿಡಿ ಸೊಪ್ಪು ಕೊಟ್ಟು "ಹೋಗಿ ಬರ್ರಿ" ಎಂದಳು. ಇಬ್ಬರು ಮುಂದೆ ನಡೆದರು. ಆತ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ನಂತರ ಅವರ ಹಿಂದೆ ಹೋದ.

"ಅಕ್ಕಾ! ಬಿಟ್ಟಬಿಟ್ರಲ್ರಿ! ತಡೀರಿ, ನಾ ನಮ್ಮನಿಯವರನ್ನ ಕರೀತೀನಿ, ಓಡಿ ಹೋಗಿ ಹಿಡಕೊಂಡ ಬರ್ತಾರ!"

"ಬ್ಯಾಡ ತಂಗಿ. ಕರದು ಬರಲಿಲ್ಲಂದ್ರ ನಾ ತಡಕೊಳ್ಳಾಂಗಿಲ್ಲ. ಮುಂಡರಗಿಗೆ ಹೇಳಿಕಳಸು, ನಿಮ್ಮ ತಮ್ಮ ಅದಾನ, ನನ್ನ ಕಣ್ಣೀಲೆ ನೋಡೀನಿ. ಮಗಳ ಲಗ್ನ ಮಾಡ್ರಿ ಅನ್ನು."

ಹಿತ್ತಲಿಗೆ ಹೋಗಿ ಏಳನೆಯ ಗಿಡವನ್ನು ತಲೆಕೆಳಗು ಹಿಡಿದು ಗಡಿಗೆಯ ಅಂಡಿಗೆ ಬಡಿದಳು. ಬೇರು ಮತ್ತೆ ಸಿಂಬಿ ಸುತ್ತಿತ್ತು. ಈ ಸಲ ಕುಡುಗೋಲು ಮುಟ್ಟಲಿಲ್ಲ. ಗಿಡವನ್ನು ಹಾಗೆಯೇ ತಿಪ್ಪೆಗೆ ಒಗೆದು, ಗಡಿಗೆ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಅಕ್ಕ ಕುಂತಲ್ಲಿ ಕೂತದ್ದನ್ನು ನೋಡಿದೆ, ಅದೇ ಕಾಲು ತೊಳೆಯುವ ಕಲ್ಲಿನ ಮೇಲೆ. ನೀರು ಇನ್ನೂ ಆರಿರಲಿಲ್ಲ.

ಬಹಳ ಹೊತ್ತಿನ ಮೇಲೆ ಒಳಗೆ ಬಂದು ಕುಂಕುಮದ ಭರಣಿ ತೆಗೆದಳು. ಹನ್ನೆರಡು ವರ್ಷ ಊರಿನ ಮುಖಕ್ಕೆ ಹೊಡೆದಂತೆ ತಾನೇ ಇಟ್ಟುಕೊಂಡ ಕುಂಕುಮ. ಅವತ್ತು ಬೆರಳು ಅದ್ದಿದಳು, ಹಣೆಯತನಕ ಒಯ್ದು ಹಾಗೆಯೇ ಕೆಳಗಿಳಿಸಿದಳು. ಭರಣಿಯನ್ನು ನನ್ನ ಕಡೆ ಚಾಚಿದಳು.

"ನೀನ ಹಚ್ಚ ತಂಗಿ" ಎಂದಳು.

ಹಚ್ಚಿದೆ. ನಾಕಾಣೆ ನಾಣ್ಯಕ್ಕಿಂತ ದೊಡ್ಡದಾಗಿಯೇ ಹಚ್ಚಿದೆ.