ಹೆಸರಿಲ್ಲದ ಕುಕ್ಕರ್

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಭಾಗದಲ್ಲಿ ನಮ್ಮ ಸಮಾಜದ ಯಾವುದೇ ಮದುವೆಗೆ ಅಡುಗೆಮನೆಯ ಸಾಮಾನನ್ನು ಆಹೇರದ ಉಡುಗೊರೆಯಾಗಿ ಕೊಡುವವರು, ಅದು ಉಪಯುಕ್ತವೆಂದು ಸಮಿತಿಯಿಂದ ಮಂಜೂರಾತಿ ಪಡೆಯತಕ್ಕದ್ದು. ಈ ನಿಯಮ ಕಳೆದ ಯುಗಾದಿಯಿಂದ ಜಾರಿಯಲ್ಲಿದೆ.

ಇದಕ್ಕೆ ಕಾರಣವಿದೆ. ನಾರಾಯಣಖೇಡದ ಒಂದು ಮದುವೆಯಲ್ಲಿ ದಂಪತಿಗೆ ಹತ್ತೊಂಬತ್ತು ಗೋಡೆ ಗಡಿಯಾರ ಬಂದವು. ಹಾಲು ಕಾಯಿಸಲು ಒಂದು ಪಾತ್ರೆ ಬರಲಿಲ್ಲ. ಸಮಾಜವು ಈ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಿ, ಇನ್ನು ಮುಂದೆ ಮದುಮಗಳೇ ಬೇಕಾದ ಸಾಮಾನುಗಳ ಪಟ್ಟಿ ಕೊಡಬೇಕು, ಬಂಧುಗಳು ಅದರಿಂದ ಆರಿಸಿಕೊಳ್ಳಬೇಕು ಎಂದು ತೀರ್ಮಾನಿಸಿತು. ಪಟ್ಟಿ ಪರಿಶೀಲಿಸಲು 'ಉಪಯುಕ್ತ ಆಹೇರ ಸಮಿತಿ' ರಚನೆಯಾಯಿತು. ಜಹೀರಾಬಾದಿನ ಪಾತ್ರೆ-ಭಾಂಡೆ ವ್ಯಾಪಾರಿ ಧನರಾಜ ಅವರು ಅಧ್ಯಕ್ಷರಾಗಿ ಅವಿರೋಧವಾಗಿ ಆಯ್ಕೆಯಾದರು. ಸಭೆ ಅವರ ಅಂಗಡಿಯಲ್ಲೇ ನಡೆದದ್ದರಿಂದ, ಸರಕಿನ ನಡುವೆ ವಿರೋಧಿಸುವವರಿಗೆ ನಿಲ್ಲಲು ಜಾಗವಿರಲಿಲ್ಲ. ನಿವೃತ್ತ ಶಿಕ್ಷಕ ಭೀಮಾಶಂಕರ ಅವರು ಕಾರ್ಯದರ್ಶಿಯಾದರು.

'ಉಪಯುಕ್ತ' ಎಂದರೆ ಏನೆಂದು ನಿರ್ಧರಿಸಲು ಮೂರು ಸಭೆ ಬೇಕಾದವು. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ತಂದೆಯ ಹೆಸರು, ಊರು, ತಾರೀಖು ಕೊರೆಸುವುದು ವಾಡಿಕೆ. ಆಹೇರದ ಹೊತ್ತಿಗೆ ಮೈಕಿನಲ್ಲಿ ಕೂಗಿದ ಹೆಸರು ಊಟ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ; ಸ್ಟೀಲಿನ ಮೇಲಿನ ಹೆಸರು ಮೊಮ್ಮಕ್ಕಳ ಕಾಲದವರೆಗೆ ಉಳಿಯುತ್ತದೆ. ಆದ್ದರಿಂದ ನಿಯಮ ನಾಲ್ಕು ಹೀಗಿದೆ: "ಪಡೆದವರಿಗೆ ಮಾತ್ರ ಉಪಯೋಗವಾಗುವ ವಸ್ತು ಉಪಯುಕ್ತವಲ್ಲ. ಕೊಟ್ಟವರ ಹೆಸರು ಐದು ಹೆಜ್ಜೆ ದೂರದಿಂದ ಓದಲು ಬರುವ ವಸ್ತುವೇ ಉಪಯುಕ್ತ."

ಮೊದಲ ಪಟ್ಟಿ ಕೊಟ್ಟವಳು ಝರಾಸಂಗದ ಶಿರೀಷಾ. ತಾಂಡೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮದುವೆಯಾಗುವ ಹುಡುಗ ಪ್ರವೀಣಕುಮಾರ ಅದೇ ಊರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿದ್ದಾನೆ. ಇಬ್ಬರೂ ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ಅವಳ ಪಟ್ಟಿಯಲ್ಲಿ ಮೂರು ಸಾಮಾನುಗಳಿದ್ದವು: ಐದು ಲೀಟರಿನ ಕುಕ್ಕರ್, ಮಿಕ್ಸರ್, ರೊಟ್ಟಿ ಹಂಚು.

"ಬರೇ ಮೂರೇನವ್ವಾ?" ಎಂದು ಧನರಾಜ ಕೇಳಿದರು.

"ಮೂರು ಸಾಕ್ರಿ ಕಾಕಾ. ಅದರಾಗ ಕುಕ್ಕರ್ ಅಂತೂ ಬೇಕೇ ಬೇಕ್ರಿ. ಮುಂಜಾನಿ ಏಳಕ್ಕ ಮನಿ ಬಿಡಬೇಕು. ತೆರೆದ ಪಾತ್ರ್ಯಾಗ ಬ್ಯಾಳಿ ಇಟ್ಟು ಕುಂತ್ರ ನನ್ನ ನೌಕರಿ ಹೋಗ್ತದ."

"ನಿನ್ನ ನೌಕರಿ ನಿಯಮದಾಗ ಬರಲ್ಲವ್ವಾ. ಬ್ಯಾಳಿನೂ ಬರಲ್ಲ," ಎಂದು ಅಧ್ಯಕ್ಷರು ಸಹಾನುಭೂತಿಯಿಂದ ಹೇಳಿದರು.

ಮಿಕ್ಸರ್ ಪ್ಲಾಸ್ಟಿಕ್ ಆದದ್ದರಿಂದ ಹೆಸರು ಹಿಡಿಯುವುದಿಲ್ಲವೆಂದು ತಿರಸ್ಕೃತವಾಯಿತು. ಹಂಚಿನ ಬಗ್ಗೆ ಕಾರ್ಯದರ್ಶಿಗಳು ತಾತ್ವಿಕ ಆಕ್ಷೇಪ ಎತ್ತಿದರು.

"ಹಂಚಿನ ಮ್ಯಾಲ ಹೆಸರು ಕೊರದ್ರ ರೊಟ್ಟಿ ಮ್ಯಾಲ ಮೂಡ್ತದ. ಅದೂ ಉಲ್ಟಾ. ನಾಳಿ ನಿಮ್ಮ ಸ್ವಾದರಮಾವನ ಹೆಸರು ಮುರದು ಪಲ್ಯಾದಾಗ ಅದ್ದಿ ತಿಂತೀ ಏನು?"

ಶಿರೀಷಾ ತಿನ್ನುವುದಿಲ್ಲ ಎಂದಳು. ಕುಕ್ಕರ್ ಮಾತ್ರ ಪಾಸಾಯಿತು.

ಕುಕ್ಕರ್ ಒಂದು, ಆಹೇರ ಮಾಡುವ ಮನೆಗಳು ಇಪ್ಪತ್ತೇಳು. ಎಲ್ಲರೂ ಅದನ್ನು ತಾವೇ ಕೊಡುವುದಾಗಿ ಅರ್ಜಿ ಹಾಕಿದ್ದರಿಂದ ಸಮಿತಿಯು ಜಂಟಿ ಆಹೇರಕ್ಕೆ ಅನುಮತಿ ನೀಡಿತು. ಆದರೆ ಜಂಟಿ ಆಹೇರಕ್ಕೆ ಮೈಕಿನಲ್ಲಿ ಪ್ರತ್ಯೇಕ ಘೋಷಣೆ ಇಲ್ಲ. ಈ ಕೊರತೆ ತುಂಬಲು ಪ್ರತಿ ಮನೆಯವರೂ ಬೇರೆಯಾಗಿ ಒಂದೊಂದು ಸ್ಟೀಲಿನ ನೀರಿನ ಹಂಡೆ ಕೊಡಬಹುದೆಂದು ಅಧ್ಯಕ್ಷರು ಸೂಚಿಸಿದರು. ಹಂಡೆಗಳು ಅವರ ಅಂಗಡಿಯಲ್ಲಿ ಇದ್ದದ್ದು ಎಲ್ಲರಿಗೂ ಅನುಕೂಲವಾಯಿತು.

ಹೆಸರು ಕೊರೆಯುವ ಯಂಕಪ್ಪ ಕುಕ್ಕರಿನ ಸುತ್ತ ಇಪ್ಪತ್ತೆರಡು ಹೆಸರು ಹಿಡಿಸಿದ. ಉಳಿದ ಐದು ಮುಚ್ಚಳಕ್ಕೆ ಹೋದವು. ಅವುಗಳಲ್ಲಿ ಅಧ್ಯಕ್ಷರದು ನಡುವೆ ಬರಬೇಕಿತ್ತು.

"ನಡುವ ಸೀಟಿ ಅದರೀ ಸಾವಕಾರ್ರೆ," ಎಂದ ಯಂಕಪ್ಪ.

"ಸೀಟಿ ದೊಡ್ಡದೋ, ಅಧ್ಯಕ್ಷರು ದೊಡ್ಡವರೋ?" ಎಂದರು ಭೀಮಾಶಂಕರ.

ಸೀಟಿ ತೆಗೆದು, ತೂತು ಬೆಸೆದು, ಜಾಗ ಸಪಾಟು ಮಾಡಲಾಯಿತು. ಹೆಸರು ನಿಜಕ್ಕೂ ಚೆನ್ನಾಗಿ ಬಂತು. ವಧುವಿನ ಸುರಕ್ಷತೆಯ ದೃಷ್ಟಿಯಿಂದ ಒಂದು ಚೀಟಿಯನ್ನೂ ಅಂಟಿಸಿದರು: "ಇದನ್ನು ಒಲೆಯ ಮೇಲೆ ಇಡಬಾರದು. ಉಳಿದೆಲ್ಲ ರೀತಿಯಲ್ಲಿ ಉಪಯುಕ್ತ."

ಹೀಗೆ ಶಿರೀಷಾ ಇಪ್ಪತ್ತೇಳು ಹಂಡೆ ಮತ್ತು ಒಂದು ಕುಕ್ಕರಿನೊಂದಿಗೆ ತಾಂಡೂರಿನಲ್ಲಿ ಸಂಸಾರ ಹೂಡಿದಳು. ಒಂದು ಕೋಣೆಯಲ್ಲಿ ಹಂಡೆಗಳಿದ್ದವು, ಇನ್ನೊಂದರಲ್ಲಿ ಗಂಡ ಹೆಂಡತಿ. ಬೇಳೆ ಬೇಯಿಸಲು ಅವಳು ನಾಲ್ಕೂವರೆಗೆ ಏಳುತ್ತಿದ್ದಳು. ಆದರೂ ಲ್ಯಾಬಿಗೆ ತಡವಾಗಿ ಎರಡು ಸಲ ನೋಟಿಸು ಬಂತು. ಮೂರನೆಯ ಸಲ ತಡವಾದರೆ ಬರುವುದೇ ಬೇಡವೆಂದು ಎರಡನೆಯದರಲ್ಲಿ ಬರೆದಿತ್ತು. ಎರಡನೆಯ ಸಂಬಳದ ದಿನ ಅವಳು ಯಾರಿಗೂ ಹೇಳದೆ ಪೇಟೆಗೆ ಹೋಗಿ ಸೀಟಿ ಇರುವ ಒಂದು ಕುಕ್ಕರ್ ಕೊಂಡು ತಂದಳು.

ಕೊಟ್ಟ ಆಹೇರ ಉಪಯೋಗದಲ್ಲಿದೆಯೇ ಎಂದು ಮೂರು ತಿಂಗಳಿಗೆ ನೋಡಿಬರುವುದು ಸಮಿತಿಯ ಕರ್ತವ್ಯ. ಒಂದು ಭಾನುವಾರ ಧನರಾಜ ಮತ್ತು ಭೀಮಾಶಂಕರ ಬಂದು ಹಂಡೆಗಳ ಮೇಲಿನ ಹೆಸರುಗಳನ್ನು ಐದು ಹೆಜ್ಜೆ ದೂರದಿಂದ ಓದಲು ಪ್ರಯತ್ನಿಸಿದರು. ಕೋಣೆಯಲ್ಲಿ ಐದು ಹೆಜ್ಜೆ ಇಲ್ಲದ್ದರಿಂದ ಬೀದಿಗೆ ಹೋಗಿ ಕಿಟಕಿಯಿಂದ ಓದಿದರು.

"ಎಲ್ಲಾ ಹಂಡೆ ತುಂಬಿಟ್ರ ತಾಂಡೂರಿಗಿ ಎರಡು ದಿನ ನೀರು ಬಿಡಬಹುದ್ರಿ," ಎಂದ ಪ್ರವೀಣಕುಮಾರ.

ಕಾರ್ಯದರ್ಶಿಗಳು ಇದನ್ನು ಮೆಚ್ಚುಗೆಯೆಂದು ದಾಖಲಿಸಿಕೊಂಡರು. ಆಗ ಒಳಗಿನಿಂದ ಸೀಟಿ ಕೇಳಿತು. ಸಮಿತಿ ಕೊಟ್ಟ ಕುಕ್ಕರ್ ಸೀಟಿ ಹೊಡೆಯಲು ಸಾಧ್ಯವೇ ಇರಲಿಲ್ಲ. ಇಬ್ಬರೂ ಅಡುಗೆಮನೆಗೆ ನಡೆದರು.

"ಇದು ಯಾರ್ದವ್ವಾ? ಹೆಸರೇ ಇಲ್ಲ," ಎಂದರು ಧನರಾಜ.

"ನಂದೇರಿ ಕಾಕಾ. ನಾನೇ ತಂದೀನಿ."

"ಕೊಟ್ಟವರು ಯಾರು?"

"ಯಾರೂ ಕೊಟ್ಟಿಲ್ರಿ."

"ಯಾರೂ ಕೊಡಲಾರದ ಭಾಂಡೆ ಮನ್ಯಾಗ ಹೆಂಗ ಬರ್ತದ?" ಭೀಮಾಶಂಕರ ನಿಯಮಾವಳಿ ತೆರೆದು ಹನ್ನೊಂದನೆಯದನ್ನು ಓದಿದರು: "ದಾತರಿಲ್ಲದ ಪಾತ್ರೆಯು ದಾತರು ಸಿಗುವವರೆಗೆ ಸಮಿತಿಯ ವಶದಲ್ಲಿರತಕ್ಕದ್ದು."

"ಇನ್ನಾ ಎರಡು ಸೀಟಿ ಆಗಲಿ, ನಿಲ್ರಿ," ಎಂದಳು ಶಿರೀಷಾ.

ಸಮಿತಿ ಕಾಯಿತು. ಬೇಳೆ ಬೆಂದಿತು. ಇಬ್ಬರೂ ಅಲ್ಲೇ ಕೂತು ಉಂಡರು. ಧನರಾಜ ಎರಡನೆಯ ಸಲ ಬಡಿಸಿಕೊಂಡು, "ಇಂಥಾದೊಂದು ಪ್ರತಿ ಮನ್ಯಾಗ ಇರಬೇಕ್ ನೋಡು," ಎಂದರು. ಪ್ರವೀಣಕುಮಾರ ಕುಕ್ಕರ್ ತೊಳೆದು ಒರೆಸಿ ಅವರ ಕೈಗೆ ಕೊಟ್ಟ.

"ದಾತರ ಜಾಗಾದಾಗ ನನ್ನ ಹೆಸರೇ ಕೊರಸ್ರಿ ಕಾಕಾ. ನಾಳಿ ಮುಂಜಾನಿಗಿ ಬೇಕದು," ಎಂದು ಶಿರೀಷಾ ಬಾಗಿಲ ತನಕ ಬಂದಳು.

"ಕೊರಸ್ತೀವಿ, ಯಾಕ ಕೊರಸಲ್ಲ? ಆದ್ರ ದಾತರು ಆಗಾಕ ಮೊದಲ ಒಂದು ಮದುವ್ಯಾಗರ ಆಹೇರ ಕೊಟ್ಟಿರಬೇಕು. ನೀ ಇನ್ನಾ ಎಲ್ಲೂ ಕೊಟ್ಟಿಲ್ಲ," ಎಂದರು ಧನರಾಜ.

ಮನೆಯಲ್ಲಿ ಇಪ್ಪತ್ತೇಳು ಹಂಡೆಗಳಿದ್ದರೂ ಎಲ್ಲದರ ಮೇಲೂ ಬೇರೆಯವರ ಹೆಸರಿತ್ತು. ಆದ್ದರಿಂದ ಮರುದಿನವೇ ಅವಳು ರಜೆ ಹಾಕಿ ಜಹೀರಾಬಾದಿಗೆ ಹೋಗಿ, ಅಧ್ಯಕ್ಷರ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹಂಡೆ ಆರಿಸಿದಳು. ಅದು ಮುಂದಿನ ವಾರ ಬಶೀರಾಬಾದಿನಲ್ಲಿ ನಡೆಯುವ, ನಮ್ಮ ಸಮಾಜದ ಹುಡುಗಿ ಪ್ರೇಮಲಾಳ ಮದುವೆಗೆ. ಯಂಕಪ್ಪ ಹೆಸರು ಕೊರೆಯತೊಡಗಿದ. ಅಕ್ಷರ ಇನ್ನೂ ಸ್ವಲ್ಪ ದೊಡ್ಡದಾಗಲಿ ಎಂದು ಅವಳು ಎರಡು ಸಲ ಹೇಳಿದಳು.

ನಿಯಮದ ಪ್ರಕಾರ ಭೀಮಾಶಂಕರ ಅವಳನ್ನು ಕೇಳಿದರು: "ಮದುಮಗಳ ಪಟ್ಟಿ ನೋಡೀ ಏನವ್ವಾ?"

"ನೋಡೀನ್ರಿ. ಆಕಿ ಕುಕ್ಕರ್ ಕೇಳ್ಯಾಳ."

"ಮತ್ತ?"

"ಮೊದಲು ಎಲ್ಲಾರೂ ಅದೇ ಕೇಳ್ತಾರ್ರಿ," ಎಂದಳು ಶಿರೀಷಾ.

ಭೀಮಾಶಂಕರ ಹಂಡೆಯನ್ನು ಉಪಯುಕ್ತವೆಂದು ಬರೆದು ಸಹಿ ಹಾಕಿದರು.