ಮುಂದಕ್ಕೆ ಒಂದೇ ಸಲ

ಕೆಲವರು ಬಾಯಿ ಬಿಟ್ಟು ಕೆಡುತ್ತಾರೆ. ನಾನು ಹೆಬ್ಬೆರಳಿನಿಂದ ಕೆಟ್ಟವನು. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಏನು ಬಂದರೂ ಅದರ ಕೆಳಗೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿಬಿಡುವುದು ನನ್ನ ಚಟ. ಓದಿದೆನೋ ಬಿಟ್ಟೆನೋ, ಒತ್ತಿದರೆ ಕರ್ತವ್ಯ ಮುಗಿಯಿತು. ಒಮ್ಮೆ ಸಹೋದ್ಯೋಗಿಯೊಬ್ಬರ ಮಾವ ತೀರಿಕೊಂಡ ಸುದ್ದಿಗೂ ಒತ್ತಿ, ಆಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಅವರು ಕೊಟ್ಟ ಚಹಾ ಕುಡಿದು ಬಂದಿದ್ದೇನೆ. ಅಷ್ಟಾದರೂ ಬುದ್ಧಿ ಬರಲಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ, ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಯಾರದೋ ಮೂಟೆಯ ಮೇಲೆ ಒಂದು ಕಾಲಿಟ್ಟು ನಿಂತು, ಇಂಗ್ಲಿಷಿನಲ್ಲಿದ್ದ ನೂರಾರು ಪುಟದ ಒಂದು ಕಡತಕ್ಕೆ ಹೆಬ್ಬೆರಳು ಒತ್ತಿದೆ. ಬಸ್ಸಿಳಿದು ಕಚೇರಿ ಮುಟ್ಟುವಷ್ಟರಲ್ಲಿ ನಾನು ಅಮೆರಿಕನ್ ಫುಟ್ಬಾಲಿನ ನಿರ್ಣಾಯಕನಾಗಿದ್ದೆ.

ನಡೆದದ್ದು ಇಷ್ಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ನಮ್ಮ ಇಲಾಖೆಯವರು ವರ್ಷಕ್ಕೊಮ್ಮೆ ಕೊಪ್ಪಳದಲ್ಲಿ ಸೇರಿ ಆಟವಾಡುತ್ತೇವೆ. ಯಾವ ಇಲಾಖೆ ಎಂದು ಕೇಳಬೇಡಿ, ನನಗೆ ಇನ್ನೂ ನೌಕರಿ ಇದೆ. ಕ್ರಿಕೆಟ್ ಆಡಿಸಿದರೆ ಜಗಳ, ಕಬಡ್ಡಿ ಆಡಿಸಿದರೆ ಆಸ್ಪತ್ರೆ. ಹೀಗಾಗಿ ಕ್ರೀಡಾ ಸಮಿತಿಯ ಬುದ್ಧಿವಂತರೊಬ್ಬರು, ಯಾರಿಗೂ ನಿಯಮವೇ ಗೊತ್ತಿಲ್ಲದ ಆಟ ಆಡಿಸಿದರೆ ನಿಯಮದ ಮೇಲೆ ಜಗಳವಾಗುವುದಾದರೂ ಹೇಗೆ ಎಂದು ವಾದಿಸಿ, ಎಲ್ಲಿಂದಲೋ ಎರಡು ಚೆಂಡು ತರಿಸಿದ್ದರು. ನಿಯಮದ ಪುಸ್ತಕ ನಮ್ಮ ಗುಂಪಿಗೆ ಬಂತು. ಅದರ ಕೆಳಗೆ ಇದ್ದದ್ದು ನನ್ನದೊಂದೇ ಹೆಬ್ಬೆರಳು.

ನಮ್ಮ ಸಾಹೇಬರು ಒಳಗೆ ಕರೆದರು. "ಏನ್ರಿ ಶರಣಪ್ಪ, ಇಡೀ ಆಫೀಸಿನ್ಯಾಗ ಓದಿದಾವ್ರು ನೀವೊಬ್ರ ನೋಡ್ರಿ" ಎಂದರು. ಹೆಬ್ಬೆಟ್ಟು ಒತ್ತಿದವನನ್ನು ಓದಿದವನೆಂದು ಕರೆದದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಯಾಕಿರಲಿಲ್ಲ ಎಂಬುದು ಅವರ ಮೇಜಿನ ಮೇಲೆಯೇ, ಗಾಜಿನ ಗುಂಡಿನ ಕೆಳಗೆ, ಎರಡು ತಿಂಗಳಿಂದ ಮಲಗಿತ್ತು. ನನ್ನ ಮನೆ ಇರುವುದು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ. ಹನ್ನೊಂದು ವರ್ಷದಿಂದ ದಿನಾ ಯಲಬುರ್ಗಾಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಕೊಪ್ಪಳದ ನಮ್ಮ ದೊಡ್ಡ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗಿ, ಯಾವುದಾದರೂ ತಾಲೂಕಿನಿಂದ ಒಬ್ಬರನ್ನು ನಿಯೋಜನೆಯ ಮೇಲೆ ಕಳಿಸಿ ಎಂದು ಪತ್ರ ಬಂದಿತ್ತು. ನಾನು ಅರ್ಜಿ ಕೊಟ್ಟಿದ್ದೆ. ಸಾಹೇಬರು 'ಕಳಿಸಲು ಅಭ್ಯಂತರವಿಲ್ಲ' ಎಂದು ಒಂದು ಸಾಲು ಬರೆದು ಸಹಿ ಮಾಡಿದರೆ, ಮನೆಯಿಂದ ಆ ಕುರ್ಚಿಗೆ ಇಪ್ಪತ್ತು ನಿಮಿಷದ ನಡಿಗೆ. ಬೆಳಿಗ್ಗೆ ಬಿಸಿ ರೊಟ್ಟಿ ತಿಂದು ಹೊರಡಬಹುದು. ಆ ಒಂದು ಸಾಲಿಗಾಗಿ ನಾನು ಅಮೆರಿಕನ್ ಫುಟ್ಬಾಲೇನು, ಅಮೆರಿಕದ ಯಾವ ಆಟಕ್ಕೆ ಬೇಕಾದರೂ ಸೀಟಿ ಊದಲು ಸಿದ್ಧನಿದ್ದೆ.

ಆ ಆಟದಲ್ಲಿ ಚೆಂಡು ಎಸೆಯುವ ಕಾನೂನನ್ನು ನಿಮಗೂ ಸ್ವಲ್ಪ ಹೇಳಬೇಕು. ನಾನೊಬ್ಬನೇ ಅನುಭವಿಸುವುದು ನ್ಯಾಯವಲ್ಲ. ಹೆಸರು ಫುಟ್ಬಾಲ್, ಆಡುವುದು ಹೆಚ್ಚಾಗಿ ಕೈಯಲ್ಲಿ. ಚೆಂಡು ಸುಲಿಯದ ತೆಂಗಿನಕಾಯಿಯಂತಿದೆ. ಅದನ್ನು ಇಟ್ಟ ಜಾಗದಲ್ಲಿ ಮೈದಾನಕ್ಕೆ ಅಡ್ಡವಾಗಿ ಒಂದು ಗೆರೆ ಇದೆಯೆಂದು ಅಂದುಕೊಳ್ಳಬೇಕು. ಅಮೆರಿಕದವರು ಅಂದುಕೊಳ್ಳುತ್ತಾರಂತೆ. ನಮ್ಮ ಇಲಾಖೆಯಲ್ಲಿ ಅಂದುಕೊಂಡದ್ದನ್ನು ಯಾರೂ ಒಪ್ಪುವುದಿಲ್ಲವಾದ್ದರಿಂದ ನಾವು ಪ್ರತಿ ಸಲ ಸುಣ್ಣದ ಪುಡಿ ಹಾಕಿಸುತ್ತಿದ್ದೆವು. ಗೆರೆಯ ಹಿಂದೆ ನಿಂತವನು ಚೆಂಡನ್ನು ಮುಂದಕ್ಕೆ ಎಸೆಯಬಹುದು, ಆದರೆ ಒಂದು ಸರದಿಗೆ ಒಂದೇ ಸಲ. ಗೆರೆ ದಾಟಿದ ಮೇಲೆ ಮುಂದಕ್ಕೆ ಎಸೆಯುವ ಹಾಗೇ ಇಲ್ಲ. ಹಿಂದಕ್ಕೆ ಮಾತ್ರ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಎಷ್ಟು ಸಲ ಬೇಕಾದರೂ ಎಸೆಯಬಹುದು. ಮುಂದಕ್ಕೆ ಎಸೆದದ್ದು ನೆಲಕ್ಕೆ ಬಿದ್ದರೆ ಅಲ್ಲಿಗೆ ಮುಗಿಯಿತು, ಮತ್ತೆ ಹಳೆಯ ಜಾಗದಿಂದಲೇ ಶುರು. ಎದುರಾಳಿಯ ಕಡೆಯ ತುದಿಯಲ್ಲಿ ಚೆಂಡು ನಮ್ಮವನ ಕೈಗೆ ಸಿಕ್ಕರೆ ಅಂಕ.

ಇದನ್ನು ನಮ್ಮ ಸಿಬ್ಬಂದಿಗೆ ತಿಳಿಸಲು ಎರಡು ದಿನ ಗಂಟಲು ಹರಿದುಕೊಂಡೆ. ಯಾರಿಗೂ ತಲೆಗೆ ಹತ್ತಲಿಲ್ಲ. ಮೂರನೆಯ ದಿನ, ಕಚೇರಿಯ ಫೈಲುಗಳನ್ನು ಮೇಜಿನಿಂದ ಮೇಜಿಗೆ ಹೊತ್ತು ತಿರುಗುವ ಹುಲಿಗೆವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಇದರಾಗ ತಿಳೀಲಾರದ್ದು ಏನೈತ್ರಿ ಸರ್? ನಮ್ಮ ಫೈಲ್ ಇದ್ದಂಗ ಐತಿ. ಮುಂದಕ್ಕ ಹೋಗೂದು ಒಂದ ಸಲ, ಹಿಂದಕ್ಕ ಬರೂದು ಬೇಕಾದಷ್ಟು ಸಲ" ಎಂದಳು. ಐದು ನಿಮಿಷದಲ್ಲಿ ಇಡೀ ಕಚೇರಿಗೆ ಎಲ್ಲ ತಿಳಿಯಿತು. ಎದುರಾಳಿಯ ಕೈಗೆ ಸಿಕ್ಕಿಬೀಳುವ ಭಯಕ್ಕೆ ಯಾರೂ ಇಲ್ಲದ ಕಡೆ ಬೇಕೆಂದೇ ಚೆಂಡು ಬಿಸಾಡಿದರೆ ದಂಡ ಎಂಬ ನಿಯಮವನ್ನು ನಾನು ವಿವರಿಸುವ ಮೊದಲೇ ಒಬ್ಬರು, "ಸಂಬಂಧ ಇಲ್ಲದ ಇಲಾಖೆಗೆ ಅಭಿಪ್ರಾಯ ಕೇಳಿ ಕಳಿಸೂದು, ಹೌದಲ್ರಿ?" ಎಂದರು. ಹೌದು ಎಂದೆ.

ತೊಂದರೆಯಾದದ್ದು ಬೇರೆ ಕಡೆ. ತಂಡದಲ್ಲಿ ಹನ್ನೊಂದು ಜನ. ಅವರಲ್ಲಿ ಗೆರೆಯ ಮೇಲೆ ನಡುವೆ ನಿಲ್ಲುವ ಐವರಿಗೆ, ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕಿಲ್ಲ. ಉಳಿದವರಿಗೆ ಇದೆ. ಹಕ್ಕು ಎಂಬ ಮಾತು ಕಿವಿಗೆ ಬಿದ್ದದ್ದೇ ಸೇವಾ ಜ್ಯೇಷ್ಠತೆಯ ಪಟ್ಟಿ ಹೊರಗೆ ಬಂತು. ನನಗಿಂತ ಮೂರು ತಿಂಗಳು ತಡವಾಗಿ ಸೇರಿದವನಿಗೆ ಹಿಡಿಯುವ ಹಕ್ಕು, ನನಗಿಲ್ಲವೇ ಎಂದು ಒಬ್ಬರು ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟರು. ಸಾಹೇಬರು ಯೋಚಿಸಿ, ಹಿರಿಯರಿಗೆ ಹಿಡಿಯುವ ಹಕ್ಕು, ಕಿರಿಯರು ಗೆರೆಯ ಮೇಲೆ ಎಂದು ತೀರ್ಮಾನಿಸಿದರು. ಹೀಗೆ ಓಡಬಲ್ಲವರೆಲ್ಲ ಸಾಲಾಗಿ ಬಗ್ಗಿ ನಿಂತರು. ಓಡಿ ಹೋಗಿ ಚೆಂಡು ಹಿಡಿಯುವ ಕೆಲಸ ಮೊಣಕಾಲು ನೋವಿನವರ ಪಾಲಿಗೆ ಬಂತು. ಅವರಲ್ಲಿ ಮೊದಲಿಗರು ಎರಡು ತಿಂಗಳಲ್ಲಿ ನಿವೃತ್ತರಾಗಲಿದ್ದ ವೀರಭದ್ರಪ್ಪನವರು. ಚೆಂಡು ಎಸೆಯುವ ಮುಖ್ಯ ಸ್ಥಾನ ಯಾರಿಗೆ ಎಂಬ ಪ್ರಶ್ನೆ ಏಳಲೇ ಇಲ್ಲ. ಸಾಹೇಬರಿರುವಾಗ ಬೇರೆಯವರು ಎಸೆಯುತ್ತಾರೆಯೇ?

ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಚೆಂಡು ಗಾಳಿಯಲ್ಲಿರುವಾಗ ಹಿಡಿಯಲು ಹೋದವನನ್ನು ತಳ್ಳಬಾರದು, ಜಗ್ಗಬಾರದು, ಆದರೆ ಇಬ್ಬರೂ ಚೆಂಡಿಗೇ ಜಿಗಿದು ಡಿಕ್ಕಿಯಾದರೆ ತಪ್ಪಲ್ಲ ಎಂದು ಹೇಳಿದಾಗ ಅವಳು, "ಬಸ್ಸಿನ್ಯಾಗ ಟವೆಲ್ ಒಗದು ಸೀಟ್ ಹಿಡ್ಯೂದು ಇದಕ್ಕಿಂತ ಕಠಿಣ ಐತಿ ಬಿಡ್ರಿ" ಎಂದಳು. ನಿಜ. ಕುಕನೂರಿನ ನಿಲ್ದಾಣದಲ್ಲಿ ಒಮ್ಮೆ ನಾನು ಕಿಟಕಿಯಿಂದ ಎಸೆದ ಟವೆಲು ಸೀಟಿಗೆ ಬೀಳದೆ ಒಬ್ಬ ಅಜ್ಜಿಯ ತಲೆಯ ಮೇಲೆ ಬಿದ್ದಿತ್ತು. ಆಕೆ ಅದರಲ್ಲಿ ಮುಖ ಒರೆಸಿಕೊಂಡು, ಮಡಚಿ, ಅದೇ ಕಿಟಕಿಯಿಂದ ನನಗೆ ವಾಪಸು ಎಸೆದಿದ್ದಳು. ನಾನು ಆ ಕಥೆ ಹೇಳಲು ಶುರು ಮಾಡಿದರೆ ಗಿರಿಜಾ ನಡುವೆಯೇ ತಡೆದಳು. "ಆಟ ಏನಾರ ಆಗ್ಲಿ. ಆ ಸಹಿ ಮಾಡಿಸ್ಕೊಂಡು ಬರ್ರಿ ಮೊದ್ಲ."

ಆಟದ ದಿನ ಬಂತು. ಕೆಡವುವುದು ಬೇಡ, ಚೆಂಡು ಹಿಡಿದವನನ್ನು ಎದುರಾಳಿ ಎರಡೂ ಕೈಯಿಂದ ಮುಟ್ಟಿದರೆ ಸಾಕು, ಆ ಸರದಿ ಮುಗಿಯಿತು ಎಂದು ನಾವು ನಿಯಮ ಮಾಡಿಕೊಂಡಿದ್ದೆವು. ಬೆಳಿಗ್ಗೆ ಗಂಗಾವತಿಯವರು ನಮಗೆ ಸೋತರು. ನೆಲಕ್ಕೆ ಬಿದ್ದು ಸತ್ತ ಚೆಂಡನ್ನೇ ಎತ್ತಿಕೊಂಡು ಓಡಿ ಓಡಿ ಅವರಿಗೆ ಉಸಿರು ಹೋಗಿತ್ತು. ಊಟದ ವ್ಯವಸ್ಥೆ ಹೊತ್ತಿದ್ದ ಕೊಪ್ಪಳದವರು ಅರ್ಧ ತಂಡವನ್ನು ಬದನೆಕಾಯಿ ಹೆಚ್ಚಲು ಕಳಿಸಿ ಕುಷ್ಟಗಿಯವರಿಗೆ ಸೋತರು. ಮಧ್ಯಾಹ್ನ ಉಳಿದದ್ದು ಯಲಬುರ್ಗಾ ಮತ್ತು ಕುಷ್ಟಗಿ. ಯಲಬುರ್ಗಾದ ಆಟಕ್ಕೆ ಯಲಬುರ್ಗಾದವನೇ ನಿರ್ಣಾಯಕನಾಗುವುದು ಸರಿಯೇ ಎಂದು ಯಾರೋ ಕೇಳಿದರು. ಆಗ ಕುಷ್ಟಗಿ ತಂಡದ ನಾಯಕ ಖಾಜಾಸಾಬರೇ ಮುಂದೆ ಬಂದು, "ಶರಣಪ್ಪಣ್ಣಾರ ಇರ್ಲಿ ಬಿಡ್ರಿ. ಅವರು ಸುಳ್ಳ ಸೀಟಿ ಊದೂ ಮನಷ್ಯಾ ಅಲ್ಲ" ಎಂದರು. ಖಾಜಾಸಾಬರು ನನ್ನ ಹಾಗೆಯೇ ಗುಮಾಸ್ತರು, ತೆಳ್ಳಗೆ, ಮೃದು ಮಾತಿನವರು. ಅವರ ಮೇಲಧಿಕಾರಿ ಮಾತ್ರ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತು, ನಮ್ಮ ಸಾಹೇಬರನ್ನು ಹಲ್ಲು ಕಚ್ಚಿ ನೋಡುತ್ತಿದ್ದರು. ಇಬ್ಬರಿಗೂ ಹಳೆಯ ಪೈಪೋಟಿ.

ಆಟ ಶುರುವಾದ ಮೇಲೆ ಗೊತ್ತಾಯಿತು, ನಮ್ಮ ಸಾಹೇಬರನ್ನು ಮುಟ್ಟಲು ಯಾರಿಗೂ ಮನಸ್ಸಿಲ್ಲ. ಬೇರೆ ತಾಲೂಕಾದರೇನು, ಸಾಹೇಬರು ಸಾಹೇಬರೇ. ನಾಳೆ ನಮ್ಮೂರಿಗೇ ವರ್ಗವಾಗಿ ಬಂದರೆ ಏನು ಗತಿ? ಕುಷ್ಟಗಿಯವರೊಬ್ಬರು ಎರಡೂ ಕೈ ಚಾಚಿ ಜೋರಾಗಿ ಓಡಿ ಬಂದವರು, ಹತ್ತಿರ ಬಂದು ಮುಖ ನೋಡಿದ್ದೇ ಆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಸಾಹೇಬರು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಮಸ್ಕಾರ ಸ್ವೀಕರಿಸಿದರು. ಒಮ್ಮೆ ಚೆಂಡು ಹಿಡಿದುಕೊಂಡೇ ಫೋನಿನಲ್ಲಿ ಮಾತಾಡಿ ಮುಗಿಸಿ, ಆಮೇಲೆ ಎಸೆದರು. ಇಷ್ಟು ಪುರಸೊತ್ತು ಸಿಕ್ಕರೂ ನಮ್ಮ ಹಿರಿಯರು ಒಂದನ್ನೂ ಹಿಡಿಯಲಿಲ್ಲವಾದ್ದರಿಂದ, ಕೊನೆಯ ಸರದಿಗೆ ಕುಷ್ಟಗಿಯವರು ಮುಂದಿದ್ದರು.

ಕೊನೆಯ ಸರದಿಯಲ್ಲಿ ಸಾಹೇಬರು ಚೆಂಡು ಹಿಡಿದು, ಯಾರೂ ಮುಟ್ಟುವುದಿಲ್ಲವೆಂಬ ಧೈರ್ಯದಿಂದ, ಸಂಜೆಯ ವಾಯುವಿಹಾರಕ್ಕೆ ಹೊರಟವರಂತೆ ನಡೆಯತೊಡಗಿದರು. ಸುಣ್ಣದ ಗೆರೆ ಬಂತು. ದಾಟಿದರು. ಒಂದು ಹೆಜ್ಜೆ, ಎರಡು ಹೆಜ್ಜೆ. ಆಗ ಖಾಜಾಸಾಬರು ಎದುರಿನಿಂದ ಓಡಿ ಬಂದರು. ಅವರ ಕೈಗಳು ನಮಸ್ಕಾರಕ್ಕೆ ಕೂಡುವ ಕೈಗಳಲ್ಲವೆಂದು ಸಾಹೇಬರಿಗೂ ತಿಳಿಯಿತು. ಗಾಬರಿಯಾಗಿ ಚೆಂಡನ್ನು ಮುಂದಕ್ಕೆ ಬೀಸಿದರು. ಮೈದಾನದ ಆ ತುದಿಯಲ್ಲಿ, ವಾಪಸು ನಡೆದು ಬರಲಾಗದೆ ಹಿಂದಿನ ಸರದಿಯಿಂದಲೂ ಅಲ್ಲೇ ನಿಂತಿದ್ದ ವೀರಭದ್ರಪ್ಪನವರ ಹೊಟ್ಟೆಗೆ ಅದು ಬಡಿದು, ಅವರು ನೋವಿಗೆ ಹೊಟ್ಟೆ ಹಿಡಿದುಕೊಂಡಾಗ ಚೆಂಡೂ ಕೈಗೆ ಸಿಕ್ಕಿತು.

ಎಲ್ಲರೂ ನನ್ನ ಕಡೆ ನೋಡಿದರು. ಗೆರೆ ದಾಟಿ ಎಸೆದದ್ದು, ಲೆಕ್ಕಕ್ಕಿಲ್ಲ, ಕುಷ್ಟಗಿ ಗೆದ್ದಿತು ಎಂದು ಹೇಳಿದರೆ ಮುಗಿಯುತ್ತಿತ್ತು. ಅಷ್ಟು ದೂರದಿಂದ ಸಾಹೇಬರು, "ಏನಂತೀರಿ ಶರಣಪ್ಪ?" ಎಂದರು. ನನ್ನ ಕಣ್ಣಿಗೆ ಕಂಡದ್ದು ಗೆರೆಯಲ್ಲ, ಗಾಜಿನ ಗುಂಡಿನ ಕೆಳಗಿನ ಅರ್ಜಿ. ಅಂಕ ಬಂತು ಎನ್ನುವ ಸನ್ನೆಗೆ ನಾನು ಎರಡೂ ಕೈ ಮೇಲೆತ್ತಿದೆ. ಯಲಬುರ್ಗಾ ಗೆದ್ದಿತು.

ಖಾಜಾಸಾಬರು ನನ್ನ ಹತ್ತಿರ ಬಂದು ಮೆಲ್ಲಗೆ, "ಅಣ್ಣಾರ, ಸಾಹೇಬ್ರ ಬೂಟಿಗೆ ಸುಣ್ಣ ಹತ್ತೈತಿ ನೋಡ್ರಿ" ಎಂದರು.

"ಗಾಳಿ ಭಾಳ ಐತ್ರಿ ಇವತ್ತು. ಸುಣ್ಣ ಹಾರಾಕತ್ತೈತಿ" ಎಂದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ಆತ್ರಿ" ಎಂದು ಹೋದರು. ನನಗೆ ನಾಚಿಕೆಯಾಯಿತು. ಆದರೂ ಊಟಕ್ಕೆ ಕೂತಾಗ ಎರಡು ಹೋಳಿಗೆ ತಿಂದೆ ಎಂಬುದನ್ನೂ ಹೇಳಿಬಿಡಬೇಕು.

ಸೋಮವಾರ ಸಾಹೇಬರು ನನ್ನನ್ನು ಕರೆದು, ನನ್ನೆದುರೇ ಗಾಜಿನ ಗುಂಡು ಎತ್ತಿ, ಅರ್ಜಿ ತೆಗೆದರು. ನನ್ನ ಬಾಯಲ್ಲಿ ಬಿಸಿ ರೊಟ್ಟಿಯ ರುಚಿ ಬಂತು. "ಶರಣಪ್ಪ, ನಿಮ್ಮಂಥಾ ಮನಷ್ಯಾನ್ನ ಕೊಪ್ಪಳಕ್ಕ ಬಿಟ್ಟುಕೊಟ್ಟು ನಾ ಏನ್ ಮಾಡ್ಲಿ? ಬರೂ ವರ್ಷ ಕುಷ್ಟಗ್ಯಾವ್ರು ಸುಮ್ನ ಬಿಡ್ತಾರೇನು?" ಎನ್ನುತ್ತಾ, 'ಇವರ ಸೇವೆ ಈ ಕಚೇರಿಗೆ ಅತ್ಯವಶ್ಯವಿದೆ' ಎಂದು ಬರೆದು ಸಹಿ ಹಾಕಿದರು. ಎರಡು ತಿಂಗಳು ಆಗದ ಸಹಿ ಎರಡು ನಿಮಿಷದಲ್ಲಿ ಆಯಿತು. ಅದೇ ದಿನ ಕುಷ್ಟಗಿಯಲ್ಲಿ, ಸೋತ ಸಿಟ್ಟಿಗೆ ಅಲ್ಲಿನ ಸಾಹೇಬರು, ಕೇಳದೇ ಇದ್ದ ಖಾಜಾಸಾಬರ ಹೆಸರಿಗೆ 'ಕಳಿಸಲು ಅಭ್ಯಂತರವಿಲ್ಲ' ಎಂದು ಬರೆದರು. ಖಾಜಾಸಾಬರ ಸ್ವಂತ ಮನೆ ಕುಷ್ಟಗಿಯಲ್ಲಿ ಕಚೇರಿಯಿಂದ ಮೂರು ಓಣಿ ಆಚೆಗಿತ್ತು, ಮಧ್ಯಾಹ್ನ ಮನೆಗೇ ಹೋಗಿ ಉಣ್ಣುತ್ತಿದ್ದರು. ಬಹುಮಾನವೆಂದು ನನ್ನನ್ನು ಯಲಬುರ್ಗಾದಲ್ಲಿ ಉಳಿಸಿಕೊಂಡರು, ಶಿಕ್ಷೆಯೆಂದು ಅವರನ್ನು ಕೊಪ್ಪಳಕ್ಕೆ ಅಟ್ಟಿದರು.

ಮುಂದಿನ ವಾರ ಅವರದೇ ಫೋನು. "ಅಣ್ಣಾರ, ನಿಮ್ಮ ಭಾಗ್ಯನಗರದಾಗ ಒಂದು ಬಾಡಿಗಿ ಮನಿ ಇದ್ರ ನೋಡ್ರಿ." ಗಿರಿಜಾ ಹುಡುಕಿಕೊಟ್ಟಳು, ನಮ್ಮ ಎದುರಿಗೇ. ಈಗ ದಿನಾ ಬೆಳಿಗ್ಗೆ ನಾನು ಬುತ್ತಿ ಹಿಡಿದು ಓಡುವಾಗ ಅವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾರೆ. "ಅವರು ಹತ್ತಕ್ಕ ಹೋಗ್ತಾರ, ಐದೂವರಿಗೆ ಮನ್ಯಾಗ ಇರ್ತಾರ" ಎಂದು ಗಿರಿಜಾ ನನಗೆ ಕೇಳಿಸುವಂತೆ ಪಾತ್ರೆಗಳಿಗೆ ಹೇಳುತ್ತಾಳೆ. ಖಾಜಾಸಾಬರು ಮಾತ್ರ ಒಂದು ದಿನವೂ ಆ ಆಟದ ಮಾತೆತ್ತಿರಲಿಲ್ಲ.

ಹೋದ ವಾರ ಒಂದು ಬೆಳಿಗ್ಗೆ, ಬಸ್ಸಿಗೆ ಓಡುತ್ತಿದ್ದ ನನ್ನನ್ನು ಕಟ್ಟೆಯ ಹತ್ತಿರ ನಿಲ್ಲಿಸಿ ಎತ್ತಿದರು. "ಅಣ್ಣಾರ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತಿನಿಂದ ನನಗ ಕಣ್ಣು ಸರಿ ಕಾಣವಲ್ಲವೇನೋ ಅಂತ ಅನುಮಾನ ಬಂದಿತ್ತು. ನಿನ್ನಿ ಡಾಕ್ಟ್ರ ಕಡೆ ಹೋಗಿ ತೋರ್ಸಿಕೊಂಡು ಬಂದೆ. ಏನೂ ಆಗಿಲ್ಲ ಅಂದ್ರು. ಹಂಗಾರ ಸಾಹೇಬ್ರು ಗೆರಿ ದಾಟಿದ್ದು ಖರೇ ಏನ್ರಿ?"

ಇಷ್ಟು ದಿನ ಈ ಮನುಷ್ಯ ನನ್ನನ್ನು ಅನುಮಾನಿಸುವ ಬದಲು ತನ್ನ ಕಣ್ಣನ್ನು ಅನುಮಾನಿಸಿದ್ದರು. "ದಾಟಿದ್ರು, ಖಾಜಾಸಾಬ. ಎರಡ ಹೆಜ್ಜಿ. ನಾ ನೋಡೀನಿ" ಎಂದೆ.

ಅವರು ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. ಬೈಯಲಿ ಎಂದು ನಾನು ಕಾದು ನಿಂತೆ. ಅವರು ಬೈಯಲಿಲ್ಲ. "ನನ್ನ ಕಣ್ಣು ಸರಿ ಅದಾವಂದ್ರ ಸಾಕು ಬಿಡ್ರಿ" ಎಂದು, ಇನ್ನೊಂದು ಕಪ್ ಚಹಾ ತರಿಸಿ ನನ್ನ ಕೈಗಿಟ್ಟರು. ಬೇಡ ಎನ್ನುವ ಮುಖ ನನಗಿರಲಿಲ್ಲ. ಕುಡಿದು ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಅವತ್ತು ಅರ್ಧ ದಿನದ ರಜೆ ಹಾಕಿದೆ. ಅರ್ಜಿಯಲ್ಲಿ ಕಾರಣ ಎಂಬಲ್ಲಿ, ನನಗೆ ಕಣ್ಣಿನ ತೊಂದರೆ ಎಂದು ಬರೆದೆ.